ಗುಲಾಬಿ ಬಕೆಟ್ಟಿನ ಕೊನೆಯ ಸಾಲು

ಅಚ್ಚುಕೂಟದಲ್ಲಿ ಕರಡು ತಿದ್ದುವ ಯಜಮಾನರಿಗೆ ಆ ವಾರ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲೇ ಹೆಂಡತಿ ಗುಲಾಬಿ ಬಣ್ಣದ ಬಕೆಟ್ ಹಿಡಿದು ಮನೆಗೆ ಬರಬೇಕೆ! ಅದರ ಮೇಲೊಂದು ರಿಬ್ಬನ್ ಚಿತ್ರ, ‘ಸ್ತನ ಕ್ಯಾನ್ಸರ್ ವಿರುದ್ಧ ನಮ್ಮ ಸಮರ’ ಎಂಬ ರಣಘೋಷ.

“ಸಮರಕ್ಕೆ ಬಕೆಟ್ ಹಿಡ್ಕೊಂಡು ಹೋಗ್ತಾರೇನೇ?”

“ನೀರು ತುಂಬೋಕೆ ತಂದೆ. ಒಳ್ಳೇ ಕೆಲಸಕ್ಕೂ ಒಂದಿಷ್ಟು ಹೋಗುತ್ತಂತೆ.”

“ಹೋಗುತ್ತೆ, ಅವರ ಜೇಬಿಗೆ!” ಯಜಮಾನರು ಕನ್ನಡಕ ಏರಿಸಿದರು. ಸಣ್ಣಕ್ಷರ ಓದುವುದರಲ್ಲೇ ಅರ್ಧ ಆಯುಷ್ಯ ಕಳೆದವರು (ಉಳಿದರ್ಧ ಹೆಂಡತಿಯ ಮಾತು ಕೇಳುವುದರಲ್ಲಿ). “ಕೇಳು. ಬಕೆಟ್ಟಿಗೆ ಅಂಟಿಸಿರೋ ಈ ಚೀಟಿ ಕತ್ತರಿಸಿ ಅಂಚೇಲಿ ಕಳಿಸಿದ್ರೆ ಮಾತ್ರ ದೇಣಿಗೆಯಂತೆ. ಯಾರು ಕಳಿಸ್ತಾರೆ? ಉರಿಯೋ ಮನೇಲಿ ಗಳ ಹಿರಿಯೋ ಜನ!”

ಹೀಗೆ ಒಂದೊಂದೇ ಸಾಲು ಗಟ್ಟಿಯಾಗಿ ಓದಿ ಹೀಯಾಳಿಸಿ, ಗಂಟಲು ಸರಿಮಾಡಿಕೊಂಡು ಬಕೆಟ್ ಕೆಳಗಿಟ್ಟರು.

“ಕೊನೇ ಸಾಲು ಯಾಕ್ರೀ ಬಿಟ್ರಿ?”

“ಯಾವ ಸಾಲು?”

“‘ಗಂಟು ಕಂಡರೆ ತಡಮಾಡಬೇಡಿ. ಗಂಡಸರಿಗೂ ಬರಬಹುದು.’ ವಾರದಿಂದ ನಿಮ್ಮ ಕೈ ಎಡಗಡೆ ಎದೆ ಮೇಲೇ ಇದೆ. ನನಗೇನು ಕಣ್ಣಿಲ್ವಾ?”

ಯಜಮಾನರಿಗೆ ಹೆದರಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆ. “ಗಂಡಸಾಗಿ ಹೇಗೆ ಹೇಳೋದು ಅಂತ...” ಎಂದು ತೊದಲಿದರು.

“ಬಾಯಲ್ಲಿ! ಏಳಿ ಮೇಲೆ.” ಅವಳ ದನಿಯೂ ನಡುಗುತ್ತಿತ್ತು.

ತಪಾಸಣಾ ಕೇಂದ್ರದಲ್ಲಿ ಮಹಿಳಾಮಣಿಗಳ ನಡುವೆ ಗುಲಾಬಿ ನಿಲುವಂಗಿ ತೊಟ್ಟ ಏಕೈಕ ಮೀಸೆ ಯಜಮಾನರದು. ಬಾಲ ಸುಟ್ಟ ಬೆಕ್ಕಿನಂತೆ ಅತ್ತಿಂದಿತ್ತ ಸುತ್ತಿದರು. ಪ್ರಚಾರಕ್ಕೆಂದು ಬಂದಿದ್ದ ಬಕೆಟ್ ಕಂಪನಿಯ ಹುಡುಗಿಯೊಬ್ಬಳು ಕಾಗದ ಚಾಚಿದಳು, ಸಹಿ ಹಾಕಿದರು. ಫೋನ್ ಎತ್ತಿ “ಇಲ್ಲಿ ನೋಡಿ ಸಾರ್” ಎಂದಳು, ನೋಡಿದರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಡಾಕ್ಟರಮ್ಮ ಒತ್ತಿ ನೋಡಿ, ಯಂತ್ರದಲ್ಲೂ ನೋಡಿ, “ಬರೀ ಕೊಬ್ಬಿನ ಗಂಟು, ಭಯ ಬೇಡ” ಎಂದರು.

“ಕೊಬ್ಬು ಅಂತ ಮದುವೆಯಾದಾಗಿಂದ ಹೇಳ್ತಾ ಇದೀನಿ,” ಎಂದ ಹೆಂಡತಿ ಕಣ್ಣೊರೆಸಿಕೊಂಡಳು.

ಮುಂದಿನ ತಿಂಗಳು ಅವಳು ಇನ್ನೊಂದು ಗುಲಾಬಿ ಬಕೆಟ್ ತಂದಳು. “ಮತ್ತೆ ಆ ಮೋಸಗಾರರ...” ಎಂದು ಕನ್ನಡಕ ಏರಿಸಿದ ಯಜಮಾನರು ಹಾಗೇ ನಿಂತುಬಿಟ್ಟರು. ಬಕೆಟ್ಟಿನ ಮೇಲೆ, ಗುಲಾಬಿ ನಿಲುವಂಗಿಯಲ್ಲಿ, ಪಿಳಿಪಿಳಿ ಕಣ್ಣು ಬಿಡುತ್ತಾ ಸಾಕ್ಷಾತ್ ತಾವೇ! ಕೆಳಗೆ, ‘ನಾನು ನಂಬಿದ ಬಕೆಟ್.’

“ನನ್ನ ಕೇಳದೆ ಹೇಗೆ ಹಾಕಿದ್ರು?”

“ಅವತ್ತು ಸಹಿ ಹಾಕಿದ್ರಲ್ಲ! ಓದಿರ್ಲಿಲ್ವಾ?”

“ನೀನು ಓದಿದ್ಯಾ?”

“ಓದಿದ್ದೆ. ಈ ಮುಖ ನೋಡಿಯಾದ್ರೂ ಇನ್ನೊಬ್ಬ ಗಂಡಸು ನಾಚಿಕೆ ಬಿಟ್ಟು ಡಾಕ್ಟರ ಹತ್ರ ಹೋಗ್ಲಿ ಅಂತ ಸುಮ್ನಿದ್ದೆ.”

ಯಜಮಾನರು ಬಕೆಟ್ಟನ್ನು ಒಯ್ದು ನಲ್ಲಿಯ ಕೆಳಗಿಟ್ಟರು, ಅದರ ಮೇಲಿನ ತಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ.