ಮೋತ್ಯಾನ ತೆರೆಸವಾರಿ

ಮಡಿವಾಳಪ್ಪ ಮಾಸ್ತರರಿಗೆ ಸಿಟ್ಟು ಬರಲು ಕಾರಣವೇ ಬೇಕಾಗಿರಲಿಲ್ಲ. ಆದರೆ 1961ರ ಆ ರವಿವಾರ ಮುಂಜಾನೆ ಒಂದು ಕಾರಣವೂ ಸಿಕ್ಕಿಬಿಟ್ಟಿತು.

ಸಪ್ತಾಪುರದ ಗುಲಾಬಸಾಬನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ತಿದ್ದಿಸಲು ಕೂತಿದ್ದಾಗ ಅವರ ಕೈಗೆ ಹಳೆಯದೊಂದು ಇಂಗ್ಲಿಷ್ ವಾರಪತ್ರಿಕೆ ಬಂತು. ಅದರಲ್ಲೊಂದು ಚಿತ್ರ. ಪರದೇಶದ ಸಮುದ್ರ, ಮನೆಯೆತ್ತರದ ತೆರೆ, ತೆರೆಯ ಮೇಲೆ ಉದ್ದನೆಯ ಹಲಗೆ, ಹಲಗೆಯ ಮೇಲೆ ಚಡ್ಡಿ ತೊಟ್ಟ ಮನುಷ್ಯ, ಅವನ ಮುಂದೆ ನಾಲ್ಕೂ ಕಾಲೂರಿ ನಿಂತ ನಾಯಿ! ಮಾಸ್ತರರು ಈ ವಿದ್ಯೆಗೆ ಅಲ್ಲೇ ‘ತೆರೆಸವಾರಿ’ ಎಂದು ಹೆಸರಿಟ್ಟರು.

ಗುಲಾಬಸಾಬ ಇಣುಕಿ ನೋಡಿ ನಕ್ಕ. “ಅದು ಸಾಹೇಬರ ನಾಯಿ ಬಿಡ್ರಿ ಮಾಸ್ತರ. ನಮ್ಮ ಓಣಿ ನಾಯಿ ತಿಪ್ಪಿ ಮ್ಯಾಗ ನಿಂದ್ರತಾವ. ತೆರಿ ಮ್ಯಾಗ ನಿಂದ್ರತಾವೇನು?”

ಅಷ್ಟು ಸಾಕಾಯಿತು. ಮಾಸ್ತರರು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರೂ ಊರಿಗೆ ಗೊತ್ತಿದ್ದುದು ಸಪ್ತಾಪುರ ಪ್ರಾಣಿ ದಯಾ ಸಂಘದ ಅಧ್ಯಕ್ಷರೆಂದು. ಕುದುರೆಗೆ ಚಾಟಿ ಬೀಸಿದ ಟಾಂಗಾದವನನ್ನು ನಡುಬೀದಿಯಲ್ಲಿ ನಿಲ್ಲಿಸಿ ಅರ್ಧ ತಾಸು ಬೈಯುತ್ತಿದ್ದರು. ಆ ಅರ್ಧ ತಾಸು ಬಿಸಿಲಲ್ಲಿ ನಿಂತ ಕುದುರೆಯ ಗತಿ ಏನೆಂದು ಮಾತ್ರ ನೋಡುತ್ತಿರಲಿಲ್ಲ. ಅವರ ಸ್ವಂತ ನಾಯಿ ಮೋತ್ಯಾ, ಓಣಿಯಲ್ಲೇ ಹುಟ್ಟಿದ ಕಂದು ನಾಯಿ. ಮಾಸ್ತರರು ದಿನಾ ಸಂಜೆ ಪೇಟೆಗೆ ಹೋಗಿ ಮಾಡುವ ಪ್ರಾಣಿದಯೆಯ ಭಾಷಣದಲ್ಲಿ ಅದರ ಹೆಸರು ತಪ್ಪದೆ ಬರುತ್ತಿತ್ತು. “ನಮ್ಮ ಮೋತ್ಯಾ ಮಿತಾಹಾರಿ! ಇಟ್ಟರ ಉಣ್ಣತಾನ, ಇಡದಿದ್ದರ ಕೇಳೂದಿಲ್ಲ!” ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಅಂಥ ನಾಯಿಯ ಕುಲಕ್ಕೆ ತಿಪ್ಪೆಯ ಮಾತೇ?

“ಗಾಳಿ ತುಂಬಿದ ಎರಡು ಲಾರಿ ಟ್ಯೂಬ್ ಕೊಡು. ಇವತ್ತ ಕೆಲಗೇರಿ ಕೆರ್‍ಯಾಗ ತೋರಸ್ತೇನಿ!” ಎಂದು ಗುಡುಗಿದರು. ಗುಲಾಬಸಾಬ ಖುಷಿಯಿಂದ ಕೊಟ್ಟ.

ಹಲಗೆ ಎಲ್ಲಿ? ಮನೆಯ ಮುಂದೆ ಸಂಘದ ಬೋರ್ಡು ಇತ್ತು, ಆರಡಿ ಉದ್ದದ ಸಾಗವಾನಿ. ಮಾಸ್ತರರು ಮೊಳೆ ಕೀಳತೊಡಗಿದರು. ಹೆಂಡತಿ ಕಾಳವ್ವ ಹೊರಗೆ ಬಂದಳು.

“ಮುಂಜಮುಂಜಾನೆ ಬೋರ್ಡ್ ಯಾಕ ಕೀಳಾಕತ್ತೀರಿ?”

“ನಮ್ಮ ನಾಯಿಗಳ ಮಾನದ ಪ್ರಶ್ನೆ!”

“ಮಾನ ಹಂಗಿರಲಿ. ಅದರ ಹೊಟ್ಟಿಗೆ ಏನರ ಹಾಕೀರೇನು?”

“ನೀ ಹಾಕಿಲ್ಲೇನು?”

“ನಿಮ್ಮ ನಾಯಿ, ನೀವು ಹಾಕೀರಿ ಅಂತ ತಿಳದೆ.”

“ಇಂಥಾ ಹೊತ್ತಿನ್ಯಾಗ ಸಣ್ಣ ಮಾತು ತಗೀಬ್ಯಾಡ!” ಎಂದು ಮಾಸ್ತರರು ಕೊನೆಯ ಮೊಳೆಯನ್ನು ಎಳೆದು ಬಿಸಾಡಿದರು.

ಅದು ಗೋಡೆ ದಾಟಿ ಪಕ್ಕದ ಗೌರಕ್ಕನ ಅಂಗಳಕ್ಕೆ ಬಿತ್ತು. ಒಂಟಿ ಹೆಂಗಸು, ಬಾಯಿ ಜೋರು. ಗೋಡೆಯ ಮೇಲೆ ತಲೆ ಕಾಣಿಸಿತು. “ಮೊಳಿ ಒಗೀತೀರಿ, ಇರಲಿ. ಮೊದಲ ನಿಮ್ಮ ನಾಯಿ ಕಟ್ಟಿ ಹಾಕ್ರಿ! ದಿನಾ ನಮ್ಮ ಮನ್ಯಾಗ ರೊಟ್ಟಿ ಉಳಿಯವಲ್ಲು!”

“ಮಿತಾಹಾರಿ ಪ್ರಾಣಿ ಮ್ಯಾಲ ಕಳವಿನ ಸುಳ್ಳು ಹೊರಸ್ತೀರಲ್ಲ, ನಾಚಿಕಿ ಬರಬೇಕು!”

ಗೌರಕ್ಕ ಏನೋ ಹೇಳಲು ಬಾಯಿ ತೆರೆದಳು. ಮಾಸ್ತರರು ಬೋರ್ಡು, ಟ್ಯೂಬು, ಮೋತ್ಯಾನೊಂದಿಗೆ ಆಗಲೇ ಹೊರಟಿದ್ದರು.

ಕೆಲಗೇರಿ ಕೆರೆ ತಾಟಿನಲ್ಲಿ ಹೊಯ್ದ ಹಾಲಿನಂತೆ ಸುಮ್ಮನೆ ಮಲಗಿತ್ತು. ಒಂದು ತೆರೆಯೂ ಇಲ್ಲ. ಮಾಸ್ತರರಿಗೆ ಕೆರೆಯ ಮೇಲೆಯೇ ಸಿಟ್ಟು ಬಂತು. ಟ್ಯೂಬಿಗೆ ಬೋರ್ಡು ಬಿಗಿದು, ಮುಂದೆ ಮೋತ್ಯಾನನ್ನು ನಿಲ್ಲಿಸಿ, ಧೋತರ ಮೇಲೆತ್ತಿ ಕಟ್ಟಿ, ತಾವೂ ಏರಿ ದಂಡೆಯನ್ನು ಒದ್ದರು. ಈಜು ಬರುವುದಿಲ್ಲ ಎಂಬುದು ನೆನಪಾದದ್ದು ಆಮೇಲೆ.

ಮೋತ್ಯಾ ಮಾತ್ರ ಚಿತ್ರದಲ್ಲಿದ್ದ ಹಾಗೆಯೇ ನಿಂತಿತು. ಮಾಸ್ತರರು ಎದ್ದು ನಿಂತು “ಗುಲಾಬಸಾಬಾ, ನೋಡ ಬಾ!” ಎಂದು ಕೈ ಎತ್ತಿದ್ದೇ ತಡ, ಕಾಲು ಜಾರಿ ಧೊಪ್ಪನೆ ನೀರಿಗೆ ಬಿದ್ದರು. ಹಲಗೆ ಹಗುರಾಗಿ ಗಾಳಿಗೆ ನಡುಗೆರೆಯತ್ತ ಸಾಗಿತು. ಮಾಸ್ತರರು ಕುತ್ತಿಗೆಮಟ ನೀರಿನಲ್ಲಿ, ಮೊಣಕಾಲುಮಟ ಕೆಸರಿನಲ್ಲಿ ಹೂತು ನಿಂತರು.

“ಉಳಸ್ರಿ! ಉಳಸ್ರೋ!”

ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಉಡಚಪ್ಪ ಹೊರಳಿ ನೋಡಿದ. ಹೋದ ತಿಂಗಳಷ್ಟೇ ಮಾಸ್ತರರು ಇದೇ ದಂಡೆಯಲ್ಲಿ ‘ಮೊದಲು ಮೂಕ ಪ್ರಾಣಿ, ಆಮೇಲೆ ಮನುಷ್ಯ’ ಎಂದು ಅವನಿಗೆ ಬೈದು ಬೈದು ಕಲಿಸಿದ್ದರು. ಉಡಚಪ್ಪ ಮರೆತಿರಲಿಲ್ಲ.

“ಮೊದಲ ನಾಯಿ ಹಿಡೀರಿ!” ಎಂದು ಜೊತೆಯವರಿಗೆ ಕೂಗಿ ನೀರಿಗೆ ಹಾರಿದ. “ಅದು ಮೂಕ ಪ್ರಾಣಿ. ಮಾಸ್ತರಗ ಬಾಯಿ ಐತಿ, ಒದರತಾರ!”

ಮಾಸ್ತರರು ಒದರಿದರು. ಮುಕ್ಕಾಲು ತಾಸು ಒದರಿದರು. ಮೋತ್ಯಾನನ್ನು ದಂಡೆಗೆ ತಂದು, ಮೈ ಒರೆಸಿ, ಬೋರ್ಡನ್ನೂ ಎಳೆದು ಹಾಕಿದ ಮೇಲೆ ಎಮ್ಮೆಯ ಹಗ್ಗ ಒಗೆದು ಅಧ್ಯಕ್ಷರನ್ನು ಮೇಲೆಳೆದರು.

ಸಂಜೆ ನಾಲ್ಕಕ್ಕೆ ಮಾಸ್ತರರ ಮನೆಯ ಮುಂದೆಯೇ ಸಂಘದ ತುರ್ತು ಸಭೆ ಸೇರಿತು. ನಾಯಿಯನ್ನು ನಡುಗೆರೆಯಲ್ಲಿ ತೇಲಿಬಿಟ್ಟರು ಎಂದು ಉಡಚಪ್ಪ ದೂರು ಕೊಟ್ಟಿದ್ದ. ಓಣಿಯೆಲ್ಲ ನೆರೆದಿತ್ತು. ಗೌರಕ್ಕ ಕೈ ಕಟ್ಟಿಕೊಂಡು ತನ್ನ ಮನೆಯ ಕಟ್ಟೆಯ ಮೇಲೆ ನಿಂತಿದ್ದಳು. ಸಂಘದ ಕಾರ್ಯದರ್ಶಿ ಗುರುಸಿದ್ದಯ್ಯ ಕನ್ನಡಕ ಏರಿಸಿ ಏಳನೆಯ ನಿಯಮ ಓದಿದರು.

“‘ಪ್ರಾಣಿಗೆ ಹಿಂಸೆ ಕೊಟ್ಟವನ ಮನೆಯಿಂದ ಅದನ್ನು ಅಂದೇ ಬಿಡಿಸತಕ್ಕದ್ದು. ಅವನು ಯಾರೇ ಆಗಿರಲಿ, ಅವನ ಮಾತು ಕೇಳತಕ್ಕದ್ದಲ್ಲ.’”

“ಇದು ಹಿಂಸಾ ಅಲ್ಲ, ತೆರೆಸವಾರಿ! ನನ್ನ ಮಾತು ಕೇಳ್ರಿ!”

“ಕೇಳಾಕ ಬರೂದಿಲ್ರಿ. ಕಡೀ ಸಾಲು ಬ್ಯಾಡ ಅಂತ ನಾ ಅವತ್ತ ಹೇಳಿದ್ದೆ. ‘ಕಟುಕರ ಮಾತು ಏನು ಕೇಳೂದು’ ಅಂತ ಮೇಜು ಗುದ್ದಿ ಬರಸಿದವರು ನೀವ.”

ಮಾಸ್ತರರ ಮುಖ ಕೆಂಪಡರಿತು. ಮೋತ್ಯಾ ಇಲ್ಲದ ಮನೆ ಅವರಿಗೆ ಕಣ್ಣಿಗೆ ಕಟ್ಟಿತು. ಆದರೆ ಬಾಯಿಂದ ಹೊರಟದ್ದು ಸಿಟ್ಟೇ.

“ಸರಿ, ನಾ ಮಾತಾಡೂದಿಲ್ಲ! ಮೋತ್ಯಾ ಹೇಳಲಿ! ಅವನ್ನ ಬಿಡ್ರಿ. ಯಾರ ಮನಿ ಹೊಗತಾನ, ಅದ ಅವನ ಮನಿ. ಬರದ ಕೊಡತೇನಿ!”

ಗುರುಸಿದ್ದಯ್ಯ ಸಭೆಯ ವಹಿ ಮುಂದೆ ಹಿಡಿದರು. ಮಾಸ್ತರರು ಬರೆದು, ನಿಬ್ಬು ಮುರಿಯುವ ಹಾಗೆ ಸಹಿ ಹಾಕಿದರು. ಉಡಚಪ್ಪ ಮೋತ್ಯಾನನ್ನು ಹಿಡಿದಿದ್ದ ಹಗ್ಗ ಬಿಟ್ಟ.

ಮೋತ್ಯಾ ನೇರವಾಗಿ ಮಾಸ್ತರರ ಹತ್ತಿರ ಬಂದು ಕೆಸರು ಮೆತ್ತಿದ ಧೋತರ ಮೂಸಿ, ಕೈ ನೆಕ್ಕಿತು. ಮಾಸ್ತರರ ಕಣ್ಣು ತುಂಬಿ ಬಂತು. “ನೋಡಿದ್ರೇನು?” ಎಂದು ಓಣಿಗೆ ಓಣಿಯನ್ನೇ ದುರುಗುಟ್ಟಿ ನೋಡಿದರು.

ಆಗ ಮಾಸ್ತರರ ಮನೆಯ ಗೋಡೆ ಗಡಿಯಾರ ಐದು ಬಡಿಯಿತು. ಅವರು ದಿನಾ ಭಾಷಣಕ್ಕೆ ಹೊರಡುವ ಹೊತ್ತು. ಮೋತ್ಯಾ ಕಿವಿ ನಿಮಿರಿಸಿ ತಿರುಗಿತು. ಅವಸರವಿಲ್ಲದೆ ನಡೆದು, ಗೌರಕ್ಕನನ್ನು ದಾಟಿ, ಮುಚ್ಚಿದ್ದ ಬಾಗಿಲನ್ನು ಮೂತಿಯಿಂದ ನೂಕಿ ಒಳಗೆ ಹೋಯಿತು. ತೆರೆದ ಬಾಗಿಲಿನಿಂದ ಎಲ್ಲರಿಗೂ ಕಂಡಿತು: ಮಂಚದ ಕೆಳಗೆ ಮಡಿಸಿ ಹಾಸಿದ ಗೋಣಿಚೀಲ, ಅದರ ಪಕ್ಕ ಅಂಚು ಸವೆದ ಅಲ್ಯುಮಿನಿಯಂ ತಾಟು.

“ಏನ ನೋಡ್ತೀರಿ?” ಗೌರಕ್ಕ ಸಿಡಿದಳು. “ಎರಡು ವರ್ಷ ಆತು, ಮಾಸ್ತರ ಭಾಷಣಕ್ಕ ಹೊಂಟ ಕೂಡಲೇ ಬರತಾನ. ಹಸದ ಪ್ರಾಣಿಗೆ ಹಾಕದ ಏನ ಮಾಡ್ಲಿ? ಕಟ್ಟಿ ಹಾಕ್ರಿ, ಕೂಳು ಹಾಕ್ರಿ ಅಂತ ಒದರಿ ಸಾಕಾತು. ಕೇಳೂ ಮನಷ್ಯಾ ಎಲ್ಲಿದ್ದಾನ?”

ದಡಾರನೆ ಒಳಗೆ ಹೋದಳು.

ಮಾಸ್ತರರು ಬೈಯಲು ಒಬ್ಬರನ್ನು ಹುಡುಕಿದರು. ಗುರುಸಿದ್ದಯ್ಯ ವಹಿ ಮುಚ್ಚುತ್ತಿದ್ದರು. ಕಾಳವ್ವ ಬೇರೆ ಕಡೆ ನೋಡುತ್ತಿದ್ದಳು. ಕೊನೆಗೆ ಅವರು ಗೋಡೆಯ ಹತ್ತಿರ ಹೋಗಿ, ಓಣಿ ಅದುರುವ ಹಾಗೆ ಕೂಗಿದರು.

“ಮೋತ್ಯಾ!”

ಒಳಗೆ ತಾಟಿನ ಸಪ್ಪಳ ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು. ಕಿಟಕಿಯಲ್ಲಿ ಗೌರಕ್ಕನ ಮುಖ ಕಾಣಿಸಿತು.

“ಒದರಬ್ಯಾಡ್ರಿ ಮಾಸ್ತರ,” ಎಂದಳು. “ಉಣ್ಣಾಕತ್ತಾನ.”