ಹತ್ತು ಸಾವಿರಕ್ಕೊಬ್ಬ

ಇನ್ನು ಯಾವುದಕ್ಕೂ ಹೆದರುವುದಿಲ್ಲ ಎಂದು ನಾನು, ಫಕೀರೇಶ ಮಾಸ್ತರ, ಶಪಥ ಮಾಡಿದ್ದೆ! ಬೆಟಗೇರಿಯ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಸಂಭವನೀಯತೆ ಕಲಿಸಿದವನಿಗೆ ಭಯವೆಲ್ಲಿಯದು? ನಾಣ್ಯ ಚಿಮ್ಮಿದರೆ ಅರ್ಧಕ್ಕರ್ಧ ಎನ್ನುವುದು ಯೋಚಿಸಿ ತಿಳಿಯುವ ಸಂಭವ. ನೂರು ಸಲ ಚಿಮ್ಮಿ ಎಣಿಸಿ ಹೇಳುವುದು ಅನುಭವದ ಸಂಭವ. "ಯಾಕೋ ಹಂಗ ಅನಸ್ತೈತಿ" ಎನ್ನುವುದು ಮನಸ್ಸಿನ ಸಂಭವ. ಅದು ಪುಕ್ಕಲರದ್ದು ಎಂದು ಮಕ್ಕಳಿಗೆ ಹೇಳುತ್ತಿದ್ದೆ.

ಆ ಧೈರ್ಯದಲ್ಲೇ ಓಣಿಯ ಆರೋಗ್ಯ ಶಿಬಿರದಲ್ಲಿ ರಕ್ತ ಕೊಟ್ಟೆ. ಮೂರನೆಯ ದಿನ ಮೊಬೈಲಿಗೆ ವರದಿ ಬಂತು. ನಾಲಿಗೆ ಹೊರಳದ ಹೆಸರಿನ ರೋಗ, ಅದರ ಮುಂದೆ 'ಪಾಸಿಟಿವ್'! ಕೆಳಗೆ ಸಣ್ಣ ಅಕ್ಷರ: ಈ ಪರೀಕ್ಷೆ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ. ಅಂದರೆ ನಾನು ಉಳಿಯುವುದು ನೂರಕ್ಕೆ ಒಂದು!

ಬಾಯಿ ಒಣಗಿತು. ತರಗತಿಯಲ್ಲಿ ಚಿಮ್ಮಿದ ನಾಣ್ಯ ಬೆಂಚಿನ ಕೆಳಗೆ ಉರುಳಿತು. ಬಗ್ಗಲು ಧೈರ್ಯವಾಗಲಿಲ್ಲ, ಬಗ್ಗಿದವನು ಏಳದಿದ್ದರೆ? ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದೆ.

ಹೆಂಡತಿ ಸೀಮಾ ಜೋಳ ಹಸನು ಮಾಡುತ್ತಿದ್ದಳು.

"ಸೀಮಾ, ನಾ ಹೊಂಟೆ!"

"ಎಲ್ಲಿಗ್ರಿ? ಚಾ ಕುಡದು ಹೋಗ್ರಿ."

"ಮ್ಯಾಲಕ್ಕ!"

ವರದಿ ಓದಿದವಳ ಕೈಯಿಂದ ಮೊರ ಜಾರಿತು. ಪಾಪ ಹೊತ್ತು ಸಾಯಬಾರದೆಂದು ಹಳೆಯ ಗುಟ್ಟೊಂದನ್ನೂ ಹೇಳಿಬಿಟ್ಟೆ: "ನಿನ್ನ ಇಳಕಲ್ ಸೀರಿ ಇಲಿ ಕಡದಿದ್ದಲ್ಲ. ಇಸ್ತ್ರಿ ಮಾಡಾಕ ಹೋಗಿ ನಾನ ಸುಟ್ಟೆ. ತೂತಿನ ಸುತ್ತ ಕತ್ತರಿ ಆಡಿಸಿ ಇಲಿ ಮ್ಯಾಲ ಹಾಕಿದೆ."

ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಕಣ್ಣೊರೆಸಿಕೊಂಡು, "ಈ ಬ್ಯಾನಿ ಎಷ್ಟು ಮಂದಿಗೆ ಇರತೈತ್ರಿ?" ಎಂದಳು.

"ಹತ್ತು ಸಾವಿರಕ್ಕ ಒಬ್ಬಗ ಅಂತ ವರದ್ಯಾಗ ಐತಿ."

"ಪರೀಕ್ಷಾ ತಪ್ಪೂದು?"

"ನೂರಕ್ಕ ಒಂದು ಸಲ."

"ಹಂಗಾರ ಹತ್ತು ಸಾವಿರ ಮಂದಿ ರಕ್ತ ಕೊಟ್ರ, ನೂರಕ್ಕ ಒಬ್ಬರಂಗ ಗಟ್ಟಿಮುಟ್ಟ ಇದ್ದ ನೂರು ಮಂದಿಗೂ 'ಐತಿ' ಅಂತನ ಬರತೈತಿ. ಖರೇ ಬ್ಯಾನಿ ಇದ್ದಾಂವ ಒಬ್ಬನ! ಜೋಳ ಹಸನ ಮಾಡುವಾಗ ಒಂದು ಹರಳಿನ ಸಲುವಾಗಿ ನಾ ಎಷ್ಟು ಒಳ್ಳೇ ಕಾಳು ಒಗೀತೀನಿ, ನೋಡೀರಿಲ್ಲ? ನೀವೂ ಕಾಳ ಇರಬೇಕ್ರಿ!"

ನನಗೆ ರೋಗವಿರುವ ಸಂಭವ ನೂರಾ ಒಂದಕ್ಕೆ ಒಂದು! ಹದಿನೆಂಟು ವರ್ಷದ ಮಾಸ್ತರಿಕೆ ಮೊರದ ಮುಂದೆ ಮಂಡಿಯೂರಿತು. ಆದರೂ ಆ ಒಬ್ಬ ನಾನೇ ಆಗಿದ್ದರೆ? ಗದಗಿನ ಡಾಕ್ಟರು ಬೇರೆ ಪರೀಕ್ಷೆ ಮಾಡಿ ಫಲಿತಾಂಶ ಕೊಡುವವರೆಗೆ, ಎರಡು ದಿನ, ಮೊರದ ಕಾಳು ಎಣಿಸುತ್ತ ಕೂತೆ.

ರೋಗವಿಲ್ಲ! ದವಾಖಾನೆಯ ಮೆಟ್ಟಿಲಲ್ಲೇ ಕುಣಿದಾಡಿದೆ. ಸೀಮಾ ದೇವರಿಗೆ ಕೈ ಮುಗಿದು, ಸೆರಗು ಸರಿಪಡಿಸಿಕೊಂಡು, ನನ್ನತ್ತ ತಿರುಗಿದಳು.

"ಇನ್ನ ಗಾಬರಿ ಇಲ್ಲಲ್ರಿ? ಹೇಳ್ರಿ ಮಾಸ್ತರ, ಆ ಸೀರಿ ನೀವ ಸುಟ್ಟಿದ್ದು ಎಷ್ಟು ಖಾತ್ರಿ?"

"ನೂರಕ್ಕ ನೂರು," ಎಂದೆ, ಬಾಯಿ ಒಣಗಿ.