ಹುಕ್ಕೇರಿಯ ನೀರು, ಗೋಕಾಕದ ನೀರು

ಮನುಷ್ಯನಿಗೆ ತನ್ನ ಊರಿನ ಮೇಲೆ ಪ್ರೀತಿ ಹುಟ್ಟುವುದು ಊರು ಬಿಟ್ಟ ಮೇಲೆಯೇ. ಊರಲ್ಲಿದ್ದಾಗ ಅದರ ಧೂಳು, ಅದರ ಗಟಾರ, ಅದರ ಜನರ ಬಾಯಿ ಎಲ್ಲವನ್ನೂ ಬಯ್ಯುತ್ತಲೇ ಇರುತ್ತೇವೆ. ಬೇರೆ ಊರಿಗೆ ಹೋಗಿ ಒಂದು ತಂಬಿಗೆ ನೀರು ಕುಡಿದದ್ದೇ ತಡ, 'ಏನೇ ಅನ್ರಿ, ನಮ್ಮೂರ ನೀರಿನ ರುಚಿ ಇದಕ್ಕಿಲ್ಲ' ಎಂದು ಶುರು ಮಾಡುತ್ತೇವೆ. ನಾನಂತೂ ಇದನ್ನು ಒಂದು ಉದ್ಯೋಗವನ್ನೇ ಮಾಡಿಕೊಂಡಿದ್ದೆ. ಹಗಲೆಲ್ಲ ಗೋಕಾಕದ ಕೋರ್ಟಿನಲ್ಲಿ ಕುಳಿತು ಮಂದಿಯ ಜಗಳಗಳ ನಕಲು ಬರೆಯುವುದು, ಸಂಜೆ ನನ್ನದೇ ಸ್ವಂತ ಜಗಳ ಆಡುವುದು. ಪಗಾರ ಬರುತ್ತಿದ್ದದ್ದು ಮೊದಲನೆಯದಕ್ಕೆ ಮಾತ್ರ, ಆದರೆ ನಾನು ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದದ್ದು ಎರಡನೆಯದಕ್ಕೆ.

ನನ್ನ ಊರು ಹುಕ್ಕೇರಿ. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿ ನನಗೆಂದು ಉಳಿದದ್ದು ಅಷ್ಟಕ್ಕಷ್ಟೇ. ಮಕ್ಕಳಿಲ್ಲ. ಮನೆಯನ್ನು ಅಣ್ಣನ ಮಕ್ಕಳು ಬಾಡಿಗೆಗೆ ಕೊಟ್ಟರು. ಗೋಕಾಕಕ್ಕೆ ವರ್ಗವಾದಾಗ ಬಂಧುಗಳೆಲ್ಲ 'ಅಯ್ಯೋ ಪಾಪ' ಎಂದರೇ ಹೊರತು ಮೋಟಾರು ಬಸ್ಸಿನವರೆಗೆ ಯಾರೂ ಬರಲಿಲ್ಲ. ಇಲ್ಲಿ ಒಂದು ಹತ್ತಿ ಅಂಗಡಿಯ ಹಿಂದೆ ಕೋಣೆ ಹಿಡಿದೆ. ಊಟಕ್ಕೆ ಮೂಡಲಗಿಯ ನೀಲವ್ವ ನಡೆಸುವ ಖಾನಾವಳಿ ಇತ್ತು. ಕೋರ್ಟು ಬಿಟ್ಟ ಮೇಲೆ, ನೀಲವ್ವನ ಹಂಚಿನ ಮೇಲೆ ರೊಟ್ಟಿ ಬೀಳುವವರೆಗೆ, ನಡುವೆ ಒಂದಿಷ್ಟು ಹೊತ್ತು ಇರುತ್ತದಲ್ಲ, ಅದೇ ನನ್ನ ವೈರಿ. ಕೋಣೆಗೆ ಹೋದರೆ ಬೆಳಿಗ್ಗೆ ಇಟ್ಟುಹೋದ ತಂಬಿಗೆ ಇಟ್ಟಲ್ಲೇ ಇರುತ್ತಿತ್ತು. ಸಂಸಾರಸ್ಥರು ಇಟ್ಟ ವಸ್ತು ಇಟ್ಟಲ್ಲಿ ಇರುವುದಿಲ್ಲವೆಂದು ಮನೆಯವರ ಮೇಲೆ ಕೂಗಾಡುತ್ತಾರೆ. ಯಾರೂ ಸರಿಸದ ಆ ತಂಬಿಗೆಯನ್ನು ನೋಡಿದರೆ ನನಗೆ ಅಳು ಬಂದಂತಾಗುತ್ತಿತ್ತು.

ಆ ಹೊತ್ತಿನಿಂದ ನನ್ನನ್ನು ಕಾಪಾಡಿದವರು ವಿಠೋಬಾಕಾಕಾ. ಪೇಟೆಯ ಮೂಲೆಯಲ್ಲಿ ಅವರ ಹೊಲಿಗೆ ಅಂಗಡಿ, ಅಂಗಡಿಯ ಮುಂದೊಂದು ಕಲ್ಲಿನ ಕಟ್ಟೆ. ಅವರೂ ಹೆಂಡತಿಯನ್ನು ಕಳೆದುಕೊಂಡವರು. ಇದ್ದೊಬ್ಬ ಮಗಳನ್ನು ಮದುವೆ ಮಾಡಿ ಕಳಿಸಿದ್ದರು. ಗೋಕಾಕಕ್ಕೆ ಬಂದ ಹೊಸದರಲ್ಲಿ ಅವರ ಹತ್ತಿರ ಒಂದು ಅಂಗಿ ಹೊಲಿಸಿದೆ. ಕೊರಳಪಟ್ಟಿಯ ಗುಂಡಿ ಏನು ಮಾಡಿದರೂ ಕೂಡಲಿಲ್ಲ. ಹೋಗಿ ತಕರಾರು ಮಾಡಿದರೆ, ಅವರು ನನ್ನ ಕುತ್ತಿಗೆಯನ್ನು ಒಮ್ಮೆ ನೋಡಿ, "ಅಂಗಿ ಬಿಗಿ ಆಗಿಲ್ರಿ ಕಾರಕೂನರ. ನೀವು ದಪ್ಪ ಆಗೀರಿ. ಗೋಕಾಕದ ನೀರಿನ ಗುಣ ಅದು" ಎಂದರು.

"ನೀರಿನ ಮಾತು ತಗೀಬ್ಯಾಡ್ರಿ ಕಾಕಾ. ಹುಕ್ಕೇರಿ ನೀರು ಕುಡದು ಬೆಳದಾಂವ ನಾನು" ಎಂದೆ.

ಕಾಕಾ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟರು. "ಹುಕ್ಕೇರ್ಯಾಗೂ ನೀರು ಅದಾವೇನ್ರಿ?"

ಅಂದು ಕಟ್ಟೆಯ ಮೇಲೆ ಕುಳಿತವನು ವರ್ಷಗಟ್ಟಲೆ ಏಳಲಿಲ್ಲ. ಅಂಗಿಯ ಮಾತು ಇಬ್ಬರಿಗೂ ಮರೆತುಹೋಯಿತು, ನಾನು ಕೊರಳ ಗುಂಡಿ ಹಾಕದೆಯೇ ಕೋರ್ಟಿಗೆ ಹೋಗಿಬಂದೆ. ದಿನವೂ ಸಂಜೆ ಹುಕ್ಕೇರಿಗೂ ಗೋಕಾಕಕ್ಕೂ ಯುದ್ಧ. ಗಾಳಿ ಯಾವ ಊರಿನದು ಹಗುರ, ಜೋಳ ಯಾವ ಊರಿನದು ಬಿಳಿ, ಸೊಳ್ಳೆ ಯಾವ ಊರಿನದು ಸಭ್ಯ, ಎಲ್ಲದರ ವಿಚಾರಣೆ ಆಯಿತು. ನಮ್ಮೂರಿನ ಬಾದಶಾಹಿ ಕಾಲದ ಗೋರಿಗಳ ಗುಮ್ಮಟಗಳ ಮಾತು ತೆಗೆದರೆ, "ಆತು, ಸತ್ತವರಿಗೆ ಛಲೋ ಮನಿ ಅದಾವಂತ ಒಪ್ಪಿದೆ. ಇದ್ದವರ ಪಾಡು ಹೇಳ್ರಿ" ಎನ್ನುವರು. ನಾನು ಬಿಡುವವನೇ? "ನಿಮ್ಮ ಹೊಳೀಗೇ ಇಲ್ಲಿ ಇರಾಕ ಮನಸಿಲ್ಲ ಕಾಕಾ. ಫಾಲ್ಸಿನ್ಯಾಗ ಧುಮುಕಿ ಜೀವಾ ಕೊಡಾಕತ್ತೈತಿ" ಎಂದೆ ಒಂದು ದಿನ. ಕಾಕಾ ಸೂಜಿಗೆ ದಾರ ಪೋಣಿಸುತ್ತಲೇ, "ತಪ್ಪ ತಿಳದೀರಿ. ಗೋಕಾಕಕ್ಕ ಲಗೂನ ಮುಟ್ಟಬೇಕಂತ ಜಿಗಿತೈತಿ ಅದು" ಎಂದರು. ಅಯ್ಯೋ ದೇವರೇ, ಇದಕ್ಕೇನು ಉತ್ತರ? ಮರುದಿನ ಕೋರ್ಟಿನಲ್ಲಿ ಅದನ್ನೇ ಹುಡುಕುತ್ತ ಕುಳಿತು, ಯಾರದೋ ಹೊಲದ ಚಕ್ಕುಬಂದಿಯಲ್ಲಿ 'ಮೂಡಲಕ್ಕೆ ರಸ್ತೆ' ಎಂದಿದ್ದಲ್ಲಿ 'ಮೂಡಲಕ್ಕೆ ಹುಕ್ಕೇರಿ' ಎಂದು ಬರೆದು ಹಿರಿಯ ಕಾರಕೂನರಿಂದ ಚೆನ್ನಾಗಿ ಬೈಸಿಕೊಂಡೆ.

ಉಣ್ಣುವಾಗ ನೀಲವ್ವನ ಮುಂದೆ ಈ ಜಗಳದ ಅಪೀಲು ಹೋಗುತ್ತಿತ್ತು. ಆಕೆ ರೊಟ್ಟಿ ಬಡಿಯುತ್ತ, "ಆ ಊರಾಗ, ಈ ಊರಾಗ, ಎಲ್ಲೇರ ನಿಮಗ ಸುಖ ಇದ್ದಿದ್ರ ಇಬ್ಬರೂ ಹಿಂಗ ಕಟ್ಟಿ ಮ್ಯಾಲ ಕುಂತು ಒದರತಿದ್ದಿಲ್ಲ. ಸುಖ ಇದ್ದದ್ದು ಮೂಡಲಗ್ಯಾಗ" ಎಂದಳು. ಹಾಗಾದರೆ ಅಲ್ಲೇ ಯಾಕೆ ಇರಲಿಲ್ಲ ಎಂದು ಕೇಳಿದೆ. "ಅದನ್ನ ಕೇಳಬ್ಯಾಡ್ರಿ. ಉಣ್ರಿ ಸುಮ್ಮನ" ಎಂದು ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿದಳು.

ಹೀಗಿರುವಾಗ ಜಗತ್ತಿನ ಯುದ್ಧ ಬಂದು ನಮ್ಮ ಯುದ್ಧವನ್ನು ಕೆಡಿಸಿತು. ಬಟ್ಟೆಗೆ ಕಂಟ್ರೋಲು ಬಂತು. ಹೊಸ ಅಂಗಿ ಹೊಲಿಸುವವರು ಇಲ್ಲವಾದರು, ಕಾಕಾನ ಮಶೀನು ಹಳೆಯ ಧೋತರಕ್ಕೆ ತೇಪೆ ಹಾಕುವುದಕ್ಕೇ ಉಳಿಯಿತು. ಅದೇ ಸಮಯಕ್ಕೆ ಕನ್ನಡ ಸಾಲಿ ಮಾಸ್ತರನಾಗಿದ್ದ ಅವರ ಅಳಿಯನಿಗೆ ವರ್ಗವಾಯಿತು. ಎಲ್ಲಿಗೆ ಅಂತೀರಿ? ಹುಕ್ಕೇರಿಗೆ! ನಾನು ಎರಡು ದಿನ ನಕ್ಕಿದ್ದೇ ನಕ್ಕಿದ್ದು. "ಹೋಗಿ ನೀರು ಕುಡದು ಬರ್ರಿ ಕಾಕಾ" ಎಂದು ನಾನೇ ಮೋಟಾರು ಹತ್ತಿಸಿ ಮೊಮ್ಮಗನನ್ನು ನೋಡಲು ಕಳಿಸಿಕೊಟ್ಟೆ.

ಅವರು ತಿರುಗಿ ಬಂದ ಸಂಜೆ ನಾನು ಸಕಲ ಶಸ್ತ್ರಗಳೊಂದಿಗೆ ಕಟ್ಟೆಯ ಮೇಲೆ ಹಾಜರಿದ್ದೆ. "ಹೆಂಗಿತ್ತು ನಮ್ಮೂರು?"

"ಛಲೋ ಐತ್ರಿ ನಿಮ್ಮೂರು" ಎಂದರು ಕಾಕಾ.

ಮುಂದೆ ಒಂದು 'ಆದ್ರ' ಬರಬೇಕಲ್ಲ ಎಂದು ಕಾದೆ. ಬರಲಿಲ್ಲ. "ನೀರು?" ಎಂದೆ. "ಸಿಹಿ ಅದಾವ್ರಿ. ನೀವು ಹೇಳಿದ್ದು ಖರೆ." ವರ್ಷಗಟ್ಟಲೆ ನಾನು ಬಾಯಿ ಒಣಗಿಸಿಕೊಂಡದ್ದು ಈ ಒಂದು ಮಾತಿಗಾಗಿ. ಈಗ ಅದು ಬಂದಾಗ ಸಂತೋಷವೇ ಆಗಲಿಲ್ಲ. ಕಾಕಾ ಮಶೀನಿನ ಧೂಳು ಒರೆಸುತ್ತ ಹೇಳಿದರು: "ಮಗಳು ಅಲ್ಲೇ ಇರು ಅಂತಾಳ್ರಿ. ಇಲ್ಲಿ ಹೊಲಿಯಾಕ ಬಟ್ಟಿ ಇಲ್ಲ, ಅಲ್ಲಿ ಮೊಮ್ಮಗ ತೊಡಿ ಬಿಟ್ಟು ಇಳಿಯೂದಿಲ್ಲ. ನೀವೂ ಇಷ್ಟು ದಿನ ಬಡಕೊಂಡ್ರಿ, ಹುಕ್ಕೇರಿ ಛಲೋ, ಹುಕ್ಕೇರಿ ಛಲೋ ಅಂತ."

ಅಂದಿನಿಂದ ನಾನು ನನ್ನ ಜನ್ಮಭೂಮಿಯನ್ನು ನಿಂದಿಸಲು ಕುಳಿತೆ. ಮೂರೂ ಬಿಟ್ಟವನಂತೆ ನಿಂದಿಸಿದೆ. "ಬ್ಯಾಸಗಿಗೆ ಬಾವಿ ತಳಾ ಕಾಣತಾವು ಕಾಕಾ."

"ತಳಾ ಕಂಡರೂ ನೀರು ಸಿಹಿ ಇರತಾವಂತ ನೀವಽ ಹೇಳಿದ್ರಿ."

"ಮಂದಿಗೆ ಬಿಗುಮಾನ ಭಾಳ. ಒಬ್ಬರ ಮನೀಗೆ ಒಬ್ಬರು ಹೋಗೂದಿಲ್ಲ."

"ಅದು ಬಿಗುಮಾನ ಅಲ್ಲ, ಮರ್ಯಾದಿ ಅಂದಿದ್ರಿ."

"ರಾತ್ರಿ ಗುಮ್ಮಟದ ಕಡೆ ಹೋಗಾಕ ಅಂಜಿಕಿ ಬರತೈತಿ."

"ಅಂಥಾ ತಂಪು ಗಾಳಿ ಬ್ಯಾರೆ ಎಲ್ಲೂ ಇಲ್ಲ ಅಂದಿದ್ರಿ. ಹೋದ ವರ್ಷ ಶ್ರಾವಣದಾಗ."

ನಾನು ಬೆರಗಾದೆ. ಈ ಮನುಷ್ಯ ಎದುರು ಮಾತಾಡುವ ಭರದಲ್ಲಿ ನನ್ನ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲವೆಂದು ತಿಳಿದಿದ್ದೆ. ಒಂದೊಂದನ್ನೂ ಕೇಳಿ ನೆನಪಿಟ್ಟುಕೊಂಡಿದ್ದರು. ನನ್ನ ಮಾತನ್ನು ಅಷ್ಟು ಲಕ್ಷ್ಯ ಕೊಟ್ಟು ಕೇಳಿದವರು, ನನ್ನ ಹೆಂಡತಿ ಹೋದ ಮೇಲೆ, ಅವರೊಬ್ಬರೇ. ಅಂಥವರಿಂದ ನಾನೇ ಊರು ಬಿಡಿಸುತ್ತಿದ್ದೆ. ನೀಲವ್ವನಿಗೆ ಹೇಳಿದರೆ ಆಕೆ ತಲೆ ಚಚ್ಚಿಕೊಂಡಳು. "ಬಾವಿ, ಗುಮ್ಮಟ ಯಾಕ ಹೇಳಾಕತ್ತೀರಿ? ನನಗ ಬ್ಯಾಸರ ಆಗತೈತಿ, ಹೋಗಬ್ಯಾಡ್ರಿ ಅನ್ರಿ. ಅಷ್ಟು ಹೇಳಾಕ ಬರೂದಿಲ್ಲೇನು?" ಬರುವುದಿಲ್ಲ. ಕೋರ್ಟಿನ ಭಾಷೆಯಲ್ಲಿ ಎಷ್ಟು ಬೇಕಾದರೂ ಬರೆದೇನು, ಇದೊಂದು ಮಾತು ಮಾತ್ರ ಗಂಟಲು ದಾಟಲಿಲ್ಲ.

ಕಾಕಾ ಊರು ಬಿಡುವ ದಿನ ಮಶೀನನ್ನು ಚಕ್ಕಡಿಗೆ ಏರಿಸುವಾಗ ನಾನೂ ಒಂದು ಕೈ ಹಿಡಿದೆ. ಎಲ್ಲ ಮುಗಿದ ಮೇಲೆ ಕಾಕಾ ನನ್ನ ಕೊರಳನ್ನೇ ನೋಡಿ, "ಕಾರಕೂನರ, ಆ ಅಂಗಿ ಬಿಚ್ಚಿ ಕೊಡ್ರಿ. ಕೊಳ್ಳಪಟ್ಟಿ ಬಿಗಿನಽ ಆಗೈತಿ. ಕೈಹೊಲಿಗಿ ಹಾಕಿ ಕೊಟ್ಟು ಹೋಗತೇನಿ" ಎಂದರು.

"ಬಿಗಿ ಎಲ್ಲೈತ್ರಿ ಕಾಕಾ? ನಾನಽ ದಪ್ಪ ಆಗೇನಿ. ಗೋಕಾಕದ ನೀರು" ಎಂದೆ. ಕಾಕಾ ಏನೂ ಹೇಳದೆ ಚಕ್ಕಡಿ ಹತ್ತಿದರು. ಅವರಿಗೂ ಗಂಟಲಿನದೇ ತೊಂದರೆ ಇರಬೇಕು.

ದೀಪಾವಳಿಯವರೆಗೆ ಹೇಗೋ ತಡೆದೆ. ಆಮೇಲೆ ಒಂದು ಪೊಟ್ಟಣ ಕರದಂಟು ಕಟ್ಟಿಸಿಕೊಂಡು, ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಮೋಟಾರಿನಲ್ಲಿ ಮುಖವೆಲ್ಲ ಮಸಿ ಮಾಡಿಕೊಂಡು ಹುಕ್ಕೇರಿಗೆ ಹೋದೆ. 'ತಿರುಗಿ ಬರ್ರಿ ಕಾಕಾ' ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಹೋಗಿ ನೋಡುತ್ತೇನೆ, ಅಳಿಯನ ಮನೆಯ ಕಟ್ಟೆಯ ಮೇಲೆ ಕಾಕಾ, ತೊಡೆಯ ಮೇಲೆ ಮೊಮ್ಮಗ, ಸುತ್ತಲೂ ಓಣಿಯ ಹಿರಿಯರು. "ನಿಮ್ಮ ನೀರು ಏನ ನೀರ್ರಿ? ನಮ್ಮ ಹೊಳೀದು ಕುಡದು ನೋಡ್ರಿ" ಎಂದು ಕಾಕಾ ಗರ್ಜಿಸುತ್ತಿದ್ದರು. ನನ್ನನ್ನು ಕಂಡವರೇ, "ಬರ್ರಿ ಬರ್ರಿ! ಇವರು ನಮ್ಮೂರ ಕಾರಕೂನರು. ಬೇಕಾದ್ರ ಇವರನ್ನ ಕೇಳ್ರಿ" ಎಂದು ಜಾಗ ಮಾಡಿಕೊಟ್ಟರು.

ಹಿರಿಯರಲ್ಲಿ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೋಕಾಕದವರಿಗೆ ಬಾಯಿ ಭಾಳ" ಎಂದರು. ನಾನು ಇದೇ ಊರವನು, ಹಿಂದಿನ ಓಣಿಯಲ್ಲೇ ಹುಟ್ಟಿದವನು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಸಿಟ್ಟು ನೆತ್ತಿಗೇರಿ, "ನಮ್ಮ ಹೊಳಿ ನೀರು ಕುಡದು ಆಮ್ಯಾಲ ಮಾತಾಡ್ರಿ ಯಜಮಾನರ" ಎಂದುಬಿಟ್ಟೆ. ಕಾಕಾ ತೊಡೆ ತಟ್ಟಿದರು. ಕರದಂಟು ಹಂಚಿದೆ. ಅದು ಹಲ್ಲಿಗೆ ಅಂಟಿ, ಎರಡೂ ಊರಿನವರ ಬಾಯಿ ಒಟ್ಟಿಗೇ ಬಂದ್ ಆಯಿತು. ಆ ಮೌನದಲ್ಲಿ ಕಾಕಾನ ಮುಖ ನೋಡಿದೆ. ಬಾಯಿ ತುಂಬ ಕರದಂಟು, ತೊಡೆ ತುಂಬ ಕೂಸು, ಕಟ್ಟೆ ತುಂಬ ವೈರಿಗಳು. ಬಾಯಿಪಾಠ ಮಾಡಿದ ಮಾತನ್ನು ಕರದಂಟಿನ ಜೊತೆಗೇ ನುಂಗಿದೆ.

ಮೋಟಾರಿಗೆ ಹೋಗುವಾಗ ಕಾಲು ತಾನಾಗಿ ನಮ್ಮ ಮನೆಯ ಮುಂದೆ ನಿಂತಿತು. ಒಳಗಿಂದ ಒಬ್ಬ ಹೆಣ್ಣುಮಗಳು ಬಂದು, "ಯಾರು ಬೇಕಾಗಿತ್ರಿ?" ಎಂದಳು. "ಯಾರೂ ಇಲ್ಲವ್ವಾ" ಎಂದು ಮುಂದೆ ನಡೆದೆ.

ಗೋಕಾಕದಲ್ಲಿ ಇಳಿದಾಗ ಸಂಜೆ. ಕಾಕಾನ ಅಂಗಡಿಯ ಹಲಗೆ ಮುಚ್ಚಿತ್ತು, ಕಟ್ಟೆಯ ಮೇಲೆ ಧೂಳು ಕೂತಿತ್ತು. ಕೈಯಿಂದ ಒರೆಸಿ ಕುಳಿತೆ. ಆಚೀಚೆ ನೋಡಿ, "ಏನೇ ಅನ್ರಿ, ಹುಕ್ಕೇರಿ ನೀರಿಗೆ ಸಮಾ ಇಲ್ಲ" ಎಂದು ಗಟ್ಟಿಯಾಗಿಯೇ ಹೇಳಿದೆ. ಯಾರೂ ಅಲ್ಲವೆನ್ನಲಿಲ್ಲ. ಇಷ್ಟು ವರ್ಷಗಳ ಮೇಲೆ ಹುಕ್ಕೇರಿ ಗೆದ್ದಿತ್ತು. ಗೆದ್ದ ಊರಿನವನು ಕಟ್ಟೆಯಿಂದ ಎದ್ದು, ಧೋತರ ಝಾಡಿಸಿಕೊಂಡು, ಖಾನಾವಳಿಯ ಕಡೆ ನಡೆದ.

ನೀಲವ್ವ ತಾಟು ಇಟ್ಟು, "ಹೆಂಗ ಅದಾರ್ರಿ ಕಾಕಾ?" ಎಂದಳು. ಆರಾಮ ಇದ್ದಾರೆಂದೆ. ಆಕೆ ಒಲೆಯ ಕಡೆ ತಿರುಗಿ ರೊಟ್ಟಿ ಬಡಿಯತೊಡಗಿದಳು. ಖಾನಾವಳಿಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ರೊಟ್ಟಿ ಮುಗಿಸಿದೆ. ಆಮೇಲೆ ತಡೆಯಲಾಗಲಿಲ್ಲ.

"ನೀಲವ್ವಾ, ಮೂಡಲಗಿ ನೀರು ಅಷ್ಟೇನ ಛಲೋ ಇಲ್ಲಂತ ಕೇಳೇನಲ್ಲ?" ಎಂದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು. ನೀಲವ್ವ ಅರ್ಧ ಬಡಿದ ರೊಟ್ಟಿಯನ್ನು ಅಲ್ಲೇ ಬಿಟ್ಟು, ಹಿಟ್ಟಿನ ಕೈಯನ್ನು ಸೊಂಟದ ಮೇಲಿಟ್ಟು ನನ್ನ ಕಡೆ ತಿರುಗಿದಳು. ನಾನು ತಾಟನ್ನು ಹತ್ತಿರ ಎಳೆದುಕೊಂಡು, ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕುಳಿತೆ.